ಬಿಸಿ ಮಾಡಕೂಡದು

ಡಿಸೆಂಬರ್ 3, ಬುಧವಾರ

ಇಂದು ಹದಿನಾಲ್ಕು ಬ್ರಾಕೆಟ್ ನೋಡಿದೆ. ಹದಿನಾಲ್ಕೂ ಪಾಸ್.

ಇಪ್ಪತ್ತು ಎಂಎಂ ದಪ್ಪದ ಪ್ಲೇಟು. ನೂರು ಟನ್ನಿನ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ L ಆಕಾರಕ್ಕೆ ಬಗ್ಗಿಸುವುದು. ಬಗ್ಗಿದ ಕಡೆ ಹೊರಮೈ ಹಿಗ್ಗುತ್ತದೆ. ಬಿರುಕು ಬಿಟ್ಟರೆ ಅಲ್ಲೇ ಬಿಡಬೇಕು. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದೆ. ಕೂದಲೆಳೆಯಷ್ಟು ಗೆರೆಯೂ ಇಲ್ಲ. ಸಹಿ ಹಾಕಿದೆ. ಕ್ರೇನಿಗೆ ಹೋಗುವ ಮಾಲು, ಮುರಿದರೆ ಕೆಳಗೆ ನಿಂತವರ ತಲೆಯ ಮೇಲೆ.

ನವೆಂಬರ್ ಮೊದಲ ವಾರ ಹತ್ತರಲ್ಲಿ ಮೂರು ಬಿರುಕು ಬಿಡುತ್ತಿದ್ದವು. ಈಗ ಒಂದೂ ಇಲ್ಲ. ಪ್ಲೇಟು ಅದೇ, ಪ್ರೆಸ್ ಅದೇ, ನಡೆಸುವವನು ಅದೇ ಅವ್ವಣ್ಣ. ಮತ್ತೆ ಏನು ಬದಲಾಯಿತು?

ಮನೆಯಲ್ಲಿ ಹೇಳಿದೆ. ನಮ್ಮವರು ನಕ್ಕರು. “ಕೆಟ್ಟರೂ ಸಂಶಯ, ಚಲೋ ಆದ್ರೂ ಸಂಶಯ. ನೀ ಪೊಲೀಸ್ ಆಗಬೇಕಿತ್ತು ಶೀತಲ್.”

ನಗಲಿ. ಹಿಂದಿನ ಕಂಪನಿಯಲ್ಲಿ ನಂಬಿಯೇ ಸಹಿ ಹಾಕಿದ್ದೆ. ವೆಲ್ಡಿಂಗ್ ಒಳಗೆ ಟೊಳ್ಳಿತ್ತು. ಮಾಡಿದವನು ಈಗಲೂ ಅಲ್ಲೇ ಇದ್ದಾನೆ. ಕೆಲಸ ಕಳೆದುಕೊಂಡು ಮನೆಗೆ ಬಂದವಳು ನಾನು.

ಡಿಸೆಂಬರ್ 8, ಸೋಮವಾರ

ಕೋಥರೂಡಿನ ಮನೆಯಿಂದ ಬೇಗ ಹೊರಟಿದ್ದೆ. ರಸ್ತೆ ಖಾಲಿ. ದಿನಾ ಒಂಬತ್ತಕ್ಕೆ ಮುಟ್ಟುವವಳು ಇಂದು ಎಂಟು ನಲವತ್ತಕ್ಕೇ ನರ್ಹೆಯ ಶೆಡ್ಡಿನಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಗ್ಯಾಸ್ ವಾಸನೆ. ಗ್ಯಾಸ್ ಕಟಿಂಗ್ ಇರುವುದು ಮಧ್ಯಾಹ್ನ. ಬೆಳಿಗ್ಗೆ ಯಾರು ಹಚ್ಚಿದರು?

ಅವ್ವಣ್ಣನನ್ನು ಕೇಳಿದೆ.

“ಎಲ್ಲೀ ವಾಸನಿ ಬಾಯಾರ? ನನಗೇನೂ ಬರಂಗಿಲ್ಲ.”

ನನ್ನ ಮುಖ ನೋಡಲಿಲ್ಲ. ಪ್ರೆಸ್ಸಿನ ಪಕ್ಕದ ಪ್ಲೇಟುಗಳ ಮೇಲೆ ಗೋಣಿಚೀಲ ಹೊದಿಸಿತ್ತು. ಅದು ಯಾಕೆ ಅಂದೆ. “ಧೂಳಾ ಬೀಳತದ್ರಿ.” ಇಪ್ಪತ್ತು ವರ್ಷದಿಂದ ಧೂಳಿನಲ್ಲೇ ಕೆಲಸ ಮಾಡಿದ ಮನುಷ್ಯ. ಇವತ್ತು ಪ್ಲೇಟಿಗೆ ಧೂಳು ಬೀಳುತ್ತದಂತೆ.

ಮಧ್ಯಾಹ್ನ ಬ್ರಾಕೆಟ್ ನೋಡುವಾಗ ಮೇಲ್ಮೈಯಲ್ಲಿ ಬಟಾಣಿ ಗಾತ್ರದ ತುಕ್ಕಿನ ಕಲೆಗಳು. ಎರಡು ಇಲ್ಲಿ, ಮೂರು ಅಲ್ಲಿ. ನೀರಿನ ಹನಿ ಬಿದ್ದು ಆರಿದ ಹಾಗೆ. ಮಳೆಯಿಲ್ಲ, ಮೇಲಿನ ತಗಡಿನ ಪತ್ರಾ ಸೋರುವುದಿಲ್ಲ.

ಪಾಸ್ ಮಾಡಿದೆ. ಮಾಡದಿರಲು ಕಾರಣವೇನೂ ಸಿಗಲಿಲ್ಲ.

ಡಿಸೆಂಬರ್ 10, ಬುಧವಾರ

ವಾಚ್‌ಮನ್ ಮರಾಠಿಯಲ್ಲಿ ಬಾಯಿ ಬಿಟ್ಟ. “ರೋಜ್ ಸಾಡೇಸಹಾಲಾ ಯೇತಾತ್, ಮ್ಯಾಡಮ್.” ದಿನಾ ಆರೂವರೆಗೆ ಬರುತ್ತಾನಂತೆ ಅವ್ವಣ್ಣ! ಶಿಫ್ಟ್ ಶುರುವಾಗುವುದು ಎಂಟೂವರೆಗೆ. ಎರಡು ಗಂಟೆ ಒಬ್ಬನೇ ಒಳಗೆ ಏನು ಮಾಡುತ್ತಾನೆ? ತಿಂಗಳಿಂದ ನಡೆದಿದೆಯಂತೆ.

ಗ್ಯಾಸ್ ಸಿಲಿಂಡರ್ ನೋಡಿದೆ. ಇರಬೇಕಾದ್ದಕ್ಕಿಂತ ಎರಡು ಹೆಚ್ಚು ಖಾಲಿ.

ಈಗ ತಿಳಿಯಿತು. ಹೊರಗಿನವರ ಕೆಲಸ ತಂದು ನಮ್ಮ ಗ್ಯಾಸಿನಲ್ಲಿ ಕಟಿಂಗ್ ಮಾಡಿ ಕಳಿಸುತ್ತಿದ್ದಾನೆ. ಬೇರೆ ಏನಿರಲು ಸಾಧ್ಯ?

ಗ್ಯಾಸ್ ಕಳವಿನ ಬಗ್ಗೆ ಪ್ರೇಮಕುಮಾರನನ್ನು ಕೇಳಿದೆ. ಪ್ರೆಸ್ಸಿನಲ್ಲಿ ಅವ್ವಣ್ಣನ ಜೊತೆಗಾರ, ಅವನ ಊರಿನ ಕಡೆಯವನೇ. “ನನಗೇನ್ ಗೊತ್ತ್ರಿ ಮೇಡಂ” ಅಂದ. ಅರ್ಧ ನಗು. ಇವನಿಗೂ ಪಾಲಿದೆಯೋ?

ಡಿಸೆಂಬರ್ 16, ಮಂಗಳವಾರ, ಬೆಳಿಗ್ಗೆ 7:20

ಶೆಡ್ಡಿನ ಎದುರು. ಸ್ಕೂಟಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಬೆರಳು ಮರಗಟ್ಟಿವೆ, ಅಂಥ ಥಂಡಿ. ಶಟರ್ ಮೊಣಕಾಲಿನಷ್ಟು ಎತ್ತಿದೆ. ಕೆಳಗಿನಿಂದ ನೀಲಿ ಬೆಳಕು, ಆಗಾಗ. ಹೊರಗಿನ ಮಾಲು ಒಯ್ಯಲು ಟೆಂಪೋ ಬರುತ್ತದೇನೋ ಎಂದು ಅರ್ಧ ಗಂಟೆ ಕಾದೆ. ಬಂದಿಲ್ಲ.

ಒಳಗೆ ಹೋಗುತ್ತೇನೆ. ಮೊಬೈಲ್ ಕ್ಯಾಮೆರಾ ಆನ್.

ಅದೇ ದಿನ, ಊಟದ ಹೊತ್ತು

ಹೊರಗಿನ ಕೆಲಸವಲ್ಲ. ನಮ್ಮದೇ ಪ್ಲೇಟುಗಳು. ಇಟ್ಟಿಗೆಯ ಮೇಲೆ ಸಾಲಾಗಿ ಇಟ್ಟು, ಬಗ್ಗಿಸುವ ಗೆರೆಯ ಉದ್ದಕ್ಕೂ ಗ್ಯಾಸ್ ಬೆಂಕಿಯನ್ನು ಆ ಕಡೆ ಈ ಕಡೆ ಆಡಿಸುತ್ತಿದ್ದ. ಒಂದೆಡೆ ನಿಲ್ಲಿಸುವುದಿಲ್ಲ. ಬಿಸಿ ಎಷ್ಟೆಂದು ನೋಡಲು ನೀರಿನ ಲೋಟದಲ್ಲಿ ಬೆರಳು ಅದ್ದಿ ಹನಿ ಚಿಮುಕಿಸಿದ. ಚುಂಯ್ ಅಂತು. ತಲೆ ಆಡಿಸಿ ಗೋಣಿಚೀಲ ಮುಚ್ಚಿದ. ಆಗ ನನ್ನನ್ನು ಕಂಡ.

“ಅವ್ವಣ್ಣಾ, ಏನ್ ನಡಸೀರಿ? ಡ್ರಾಯಿಂಗ್‌ನಾಗ ಏನ್ ಬರದಾರ ಗೊತ್ತದ ಇಲ್ಲ? ಬಿಸಿ ಮಾಡಕೂಡದು ಅಂತ ನಾನೇ ಓದಿ ಹೇಳೇನಿ.”

“ಕೆಂಪಗ ಕಾಸಬಾರದು ಅಂತ ಅದರ ಅರ್ಥ ಬಾಯಾರ. ನಾ ಬರೇ ಬೆಚ್ಚಗ ಮಾಡತೀನಿ. ಥಂಡಿಗೆ ದಪ್ಪ ಪ್ಲೇಟ್ ಸೆಟಗೊಂಡಿರತದ. ಹಂಗ ಒತ್ತಿದ್ರ ಬಿರುಕ ಬಿಡತದ.”

“ಅರ್ಥ ಮಾಡೋದು ನಿಮ್ಮ ಕೆಲಸ ಅಲ್ಲ. ಸಹಿ ನಂದು.”

ಗ್ಯಾಸ್ ಟಾರ್ಚ್ ಆರಿಸಿದ. ಆಮೇಲೆ ಒಂದೇ ಮಾತು. “ಮಾಲಕರನ್ನ ಕೇಳ್ರಿ.”

ಎಷ್ಟು ಸೊಕ್ಕು! ಸಿಕ್ಕಿಬಿದ್ದ ಮೇಲೂ ಮಾಲಕರನ್ನು ಕೇಳಬೇಕಂತೆ.

ಕೇಳಿದೆ. ರಾಮಲಿಂಗಪ್ಪನವರು ಹತ್ತಕ್ಕೆ ಬಂದರು. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು.

“ಹೌದಾ? ನನಗ ಗೊತ್ತೇ ಇಲ್ಲ ನೋಡ್ರಿ ಇದು. ಭಾಳ ತಪ್ಪು ಮಾಡ್ಯಾನ. ನೀವು ಬರೆದುಕೊಡ್ರಿ, ನಾ ಕ್ರಮ ತಗೋತೀನಿ.”

ಗ್ಯಾಸಿನ ವಿಷಯವನ್ನೂ ಬರೆದೆ. “ಅನುಮತಿಯಿಲ್ಲದೆ ಗ್ಯಾಸ್ ಬಳಕೆ, ಎರಡು ಸಿಲಿಂಡರ್ ಕಳವಿನ ಸಂಶಯ.” ಸಂಶಯ ಎಂದೇ ಬರೆದಿದ್ದೇನೆ.

ಡಿಸೆಂಬರ್ 17, ಬುಧವಾರ

ಅವ್ವಣ್ಣನನ್ನು ತೆಗೆದರು. ಗ್ರೈಂಡಿಂಗಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಕೈಗವಸು ಬಿಚ್ಚಿ ಪ್ರೆಸ್ಸಿನ ಮೇಲೆ ಇಟ್ಟು ಹೋದ.

ಇನ್ನು ಪ್ರೇಮಕುಮಾರ ಬಗ್ಗಿಸುತ್ತಾನೆ. ತಣ್ಣಗೆ. ನಿಯಮದಂತೆ.

ಡಿಸೆಂಬರ್ 29, ಸೋಮವಾರ

ಹನ್ನೆರಡು ದಿನ ಬರೆಯಲಾಗಲಿಲ್ಲ. ಬರೆಯುವ ಮನಸ್ಸಾಗಲಿಲ್ಲ.

ಹತ್ತರಲ್ಲಿ ನಾಲ್ಕು ಬಿರುಕು. ಇಂದು ಐದು. ಹೋಗುವ ಮುಂಚೆ ಅವ್ವಣ್ಣ ಪ್ರೆಸ್ಸಿಗೆ ಏನಾದರೂ ಮಾಡಿ ಹೋದನೇ? ಪ್ರೆಶರ್ ಗೇಜ್ ಬಿಚ್ಚಿಸಿ ನೋಡಿದೆ. ಸರಿಯಿದೆ. ಪ್ಲೇಟು ಕೂರುವ ಡೈ ಅಳೆದೆ. ಸರಿಯಿದೆ. ಹಾಗಾದರೆ ಪ್ರೇಮಕುಮಾರ ಬೇಕೆಂದೇ ಕೆಡಿಸುತ್ತಿದ್ದಾನೆಯೇ, ಅವ್ವಣ್ಣನನ್ನು ವಾಪಸ್ ಕರೆಸಲಿ ಎಂದು? ಬೆಳಿಗ್ಗೆಯಿಂದ ಅವನ ಹಿಂದೆಯೇ ನಿಂತೆ. ನಿಧಾನವಾಗಿಯೇ ಒತ್ತುತ್ತಾನೆ. ಆದರೂ ಬಿರುಕು ಬಿಡುತ್ತದೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಕಡಿಮೆ.

ಥಂಡಿಯೇ ಇರಬಹುದೇ? ಈ ಯೋಚನೆ ಬಂತು. ಹಾಗಿದ್ದರೆ ಅವನು ಹೇಳಿದ್ದು ನಿಜವಾಗುತ್ತದೆ. ಬೇಡ ಎಂದು ಬಿಟ್ಟೆ.

ಚಹಾದ ಅಂಗಡಿಯಲ್ಲಿ ಕಿವಿಗೆ ಬಿದ್ದದ್ದು — ನರ್ಹೆಯಲ್ಲಿ ಯಾವ ಶೆಡ್ಡಿನವರೂ ಅವ್ವಣ್ಣನನ್ನು ತೆಗೆದುಕೊಳ್ಳುತ್ತಿಲ್ಲ. ಗ್ಯಾಸ್‌ಚೋರ್ ಎನ್ನುತ್ತಾರಂತೆ. ನಾನು ಬರೆದದ್ದು ಸಂಶಯ. ಚೋರ್ ಎಂದು ಯಾರು ಹೇಳಿದರು?

ಜನವರಿ 6, ಮಂಗಳವಾರ

ಬೆಳಿಗ್ಗೆ ಒಂಬತ್ತೂ ಹತ್ತು. ಗುಂಡು ಹೊಡೆದಂಥ ಸದ್ದು. ಪ್ಲೇಟು ಎರಡು ಹೋಳು. ಒಂದು ಡೈಯಲ್ಲೇ ಉಳಿಯಿತು, ಇನ್ನೊಂದು ಚಿಮ್ಮಿ ಪ್ರೇಮಕುಮಾರನ ಎಡಗೈಗೆ. ಮೊಣಕೈ ಕೆಳಗೆ ಮೂಳೆ ಹೊರಗೆ ಬಂದಿತ್ತು. ನನ್ನ ದುಪಟ್ಟಾದಿಂದ ಕಟ್ಟಿದೆ. ರಿಕ್ಷಾದಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಅವ್ವಾ, ಅವ್ವಾ ಎನ್ನುತ್ತಿದ್ದ. ಮೂವತ್ತು ದಾಟಿದ ಗಂಡಸು.

ಆಪರೇಶನ್ ಆಗಿದೆ. ಕೈ ಉಳಿಯುತ್ತದೆ. ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಡಾಕ್ಟರ್ ಹೇಳಲಿಲ್ಲ.

ಜನವರಿ 7, ಬುಧವಾರ

ಬೆಳಿಗ್ಗೆ ಆಸ್ಪತ್ರೆ. ಪ್ರೇಮಕುಮಾರನಿಗೆ ಎಚ್ಚರವಿತ್ತು.

“ಅವ್ವಣ್ಣ ಕಾಕಾ ಇದ್ದಿದ್ರ ಹಿಂಗ ಆಗ್ತಿರಲಿಲ್ಲ ಮೇಡಂ. ಅವರು ಬೆಚ್ಚಗ ಮಾಡಿ ಇಟ್ಟಿರತಿದ್ರು. ನಾ ಬಂದು ಬರೇ ಒತ್ತೋದು.”

“ನಿಮಗ ಗೊತ್ತಿತ್ತಾ? ಅವತ್ತು ಯಾಕ ಹೇಳಲಿಲ್ಲ?”

“ನೀವು ಕೇಳಿದ್ದು ಕಳವಿನ ವಿಷಯ.”

ನೀರಿನ ಲೋಟವನ್ನು ಅವನ ಬಲಗೈಗೆ ಸಿಗುವ ಹಾಗೆ ಇಟ್ಟು ಎದ್ದೆ.

ಹನ್ನೊಂದಕ್ಕೆ ಶೆಡ್ಡಿಗೆ ಬಂದು ಗಿರಾಕಿ ಕಂಪನಿಯ ಡಿಸೈನ್ ಆಫೀಸಿಗೆ ಮೇಲ್ ಹಾಕಿದೆ. ಬಗ್ಗಿಸುವ ಮುಂಚೆ ಪ್ಲೇಟನ್ನು ಸ್ವಲ್ಪ ಬೆಚ್ಚಗೆ ಮಾಡಬಹುದೇ ಎಂದು. ಒಂದು ಗಂಟೆಗೆ ಉತ್ತರ. ಮಾಡಬಹುದು, ಚಳಿಗಾಲದಲ್ಲಿ ಮಾಡಲೇಬೇಕು. ಡ್ರಾಯಿಂಗಿನ ನಿಷೇಧ ಕೆಂಪಗೆ ಕಾಯಿಸುವುದಕ್ಕೆ ಮಾತ್ರ. ಎಷ್ಟು ಡಿಗ್ರಿವರೆಗೆ ಎಂಬುದನ್ನೂ ಬರೆದಿದ್ದಾರೆ.

ಎರಡು ಗಂಟೆ ಸಾಕಾಯಿತು. ಡಿಸೆಂಬರ್ 16ರಂದೇ ಕೇಳಬಹುದಿತ್ತು.

ಸಂಜೆ ಮಾಲಕರು ಕರೆದರು. ಪೇಡಾ ಡಬ್ಬಿ ಮುಂದಿಟ್ಟರು. “ನೋಡ್ರಿ, ಪ್ರೆಸ್ಸಿನ ಮುಂದಿನ ಜಾಳಗಿ ತೆಗೆದಿಟ್ಟಿದ್ದ ಆ ಪ್ರೇಮಕುಮಾರ. ತೆಗೆದಿದ್ನೋ ಇಲ್ಲೋ? ಅವನ ನಿಷ್ಕಾಳಜಿ ಅಂತ ರಿಪೋರ್ಟ್ ಬರೀರಿ. ಮುಗೀತು.”

ಚೂರು ಸಿಡಿದರೆ ತಡೆಯುವ ಆ ಜಾಳಿಗೆ ತೆಗೆದಿಟ್ಟದ್ದು ನಿಜ. ನಾನು ಹಿಂದೆ ನಿಂತು ಹತ್ತಿರದಿಂದ ನೋಡಬೇಕು ಅಂದಿದ್ದಕ್ಕೆ ಮೊದಲ ದಿನ ತೆಗೆದ. ಮತ್ತೆ ಹಾಕಲಿಲ್ಲ. ನಾನೂ ಹಾಕು ಅನ್ನಲಿಲ್ಲ.

ನಾಳೆ ಕೊಡುತ್ತೇನೆ ಅಂದೆ. ನಾಳೆ ಗುರುವಾರ, ವಾರದ ರಜೆ ಎಂದು ನೆನಪಿಸಿದರು. “ನಾಡಿದ್ದು ಬೆಳಿಗ್ಗೆ.” ಇಷ್ಟು ಅವಸರ ಯಾಕೆ?

ಜನವರಿ 8, ಗುರುವಾರ

ಕಾತ್ರಜ್. ಗುಡ್ಡದ ಬುಡದ ಪತ್ರಾಶೆಡ್ಡುಗಳಲ್ಲಿ ಕೇಳುತ್ತ ಕೇಳುತ್ತ ಅವ್ವಣ್ಣನ ಖೋಲಿ ಸಿಕ್ಕಿತು. ಬಾಗಿಲಲ್ಲಿ ಅವನ ಹೆಂಡತಿ ಯಂಕವ್ವ. ಜೋಳ ಹಸನು ಮಾಡುತ್ತಿದ್ದಳು. ನನ್ನ ಹೆಸರು ಕೇಳಿ ಮೊರ ಕೆಳಗಿಟ್ಟಳು.

“ನೀವೇ ಏನು, ನನ್ನ ಗಂಡನ್ನ ಕಳ್ಳ ಅಂತ ಬರದಾಕಿ?”

ಒಳಗಿನಿಂದ ಅವ್ವಣ್ಣ ಬಂದರು. “ಸುಮ್ನಿರು. ಬರ್ರಿ ಬಾಯಾರ, ಕೂಡ್ರಿ.” ಮೂಲೆಯಲ್ಲಿ ಕಟ್ಟಿಟ್ಟ ಗಂಟು. ದೌಂಡದ ಕಡೆ ಸಕ್ಕರೆ ಕಾರ್ಖಾನೆಯ ರಿಪೇರಿ ಕೆಲಸ ಇದೆಯಂತೆ, ಸೋಮವಾರ ಹೊರಟಿದ್ದಾರೆ. ಅಲ್ಲಿ ಯಾರಿಗೂ ಗೊತ್ತಿಲ್ಲವಲ್ಲ.

ಪ್ರೇಮಕುಮಾರನ ಕೈಯ ವಿಷಯ ಹೇಳಿದೆ. ಹಣೆ ಹಿಡಿದು ಕುಳಿತರು. ಮೇಲ್‌ನಲ್ಲಿ ಬಂದ ಉತ್ತರ ಹೇಳಿದೆ. ಆಶ್ಚರ್ಯಪಡಲಿಲ್ಲ.

“ನನಗ್ಯಾಕ ಬಿಡಿಸಿ ಹೇಳಲಿಲ್ಲ ನೀವು?” ಅಂದೆ. ಆ ಪ್ರಶ್ನೆ ಕೇಳಲು ನನಗೆ ಯಾವ ಮುಖ.

ಯಂಕವ್ವ ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ಮೊಬೈಲ್ ತೆಗೆದಳು. “ಬ್ಯಾಡ” ಅಂದರು ಅವ್ವಣ್ಣ. ಅವಳು ಕೇಳಲಿಲ್ಲ. ವಾಟ್ಸಾಪಿನ ಧ್ವನಿ ಒತ್ತಿದಳು. ತಾರೀಖು ನೋಡಿದೆ, ನವೆಂಬರ್ 11.

ರಾಮಲಿಂಗಪ್ಪನವರ ಧ್ವನಿ. “ಅವ್ವಣ್ಣಾ, ನಾಳಿಂದ ಆರೂವರಿಗೆ ಬಾ. ಪ್ಲೇಟ್ ಬೆಚ್ಚಗ ಮಾಡಿಕೋ. ಎಂಟೂವರಿ ಒಳಗ ಟಾರ್ಚ್ ಎತ್ತಿಟ್ಟುಬಿಡು. ಆ ಶೀತಲ್ ಬಾಯಿಗೆ ಗೊತ್ತಾಗಬಾರದು ನೋಡು, ಕಂಡಿದ್ದೆಲ್ಲಾ ಬರೀತಾಳ ಆಕಿ.”

ಎರಡು ಸಲ ಹಾಕಿಸಿ ಕೇಳಿದೆ.

ನನಗ ಗೊತ್ತೇ ಇಲ್ಲ ನೋಡ್ರಿ... ಕನ್ನಡಕ ಒರೆಸಿದ್ದು. ನಾನು ಆ ಇಡೀ ತಿಂಗಳು ಗೋಣಿಚೀಲವನ್ನು ಸಂಶಯಿಸಿದೆ, ತುಕ್ಕನ್ನು, ನಗುವನ್ನು, ಗೇಜನ್ನು. ಕುರ್ಚಿಯಲ್ಲಿ ಕುಳಿತಿದ್ದವರನ್ನು ಒಂದು ಸಲವೂ ಇಲ್ಲ.

“ಇದನ್ನ ಅವತ್ತೇ ತೋರಿಸಬೇಕಿತ್ತು,” ಅಂದೆ.

“ನೀವು ನಂಬತಿದ್ರೇನು? ಹದಿನೇಳು ವರ್ಷ ಅವರ ಅನ್ನ ಉಂಡೀನಿ. ಅವರೇ ಹೇಳ್ತಾರ ಅಂತ ನಿಂತಿದ್ದೆ. ಹೇಳಲಿಲ್ಲ.”

ರಿಪೋರ್ಟ್ ತಿದ್ದಿ ಬರೆಯುತ್ತೇನೆ, ಕೆಲಸ ವಾಪಸ್ ಕೊಡಿಸಲು ನೋಡುತ್ತೇನೆ ಅಂದೆ. ಯಂಕವ್ವ ಮಧ್ಯೆ ಬಾಯಿ ಹಾಕಿದಳು.

“ಕಾಗದ ಯಾರ ಓದತಾರ? ಕಳ್ಳ ಅಂತ ಅಂದಿದ್ದು ಬಾಯಿಂದ. ಅಲ್ಲ ಅಂತಾನೂ ಬಾಯಿಂದಾನೇ ಹೇಳ್ರಿ. ಎಲ್ಲಾರ ಮುಂದ. ನಾನೂ ಬಂದು ಕೇಳತೀನಿ.”

ಆಗಲಿ ಅಂದೆ. ಚಹಾ ಕೊಟ್ಟಳು. ತಾನು ಕುಡಿಯಲಿಲ್ಲ.

ಜನವರಿ 9, ಶುಕ್ರವಾರ, ಬೆಳಿಗ್ಗೆ 8:10

ಶೆಡ್ಡಿನ ಎದುರಿನ ಚಹಾದ ಅಂಗಡಿ.

ರಿಪೋರ್ಟ್ ಏಳು ಗಂಟೆಗೇ ಕಳಿಸಿದ್ದೇನೆ. ಮಾಲಕರಿಗೂ, ಗಿರಾಕಿ ಕಂಪನಿಗೂ. ಪ್ಲೇಟು ಒಡೆದದ್ದು ಥಂಡಿಗೆ. ಬೆಚ್ಚಗೆ ಮಾಡುವುದನ್ನು ನಿಲ್ಲಿಸಿದ್ದು ನನ್ನ ದೂರು. ಜಾಳಿಗೆ ತೆಗೆಸಿದ್ದು ನನ್ನ ಮಾತು. ಗ್ಯಾಸ್ ಬಳಸಿದ್ದು ಮಾಲಕರ ಆದೇಶದ ಮೇಲೆ, ಧ್ವನಿ ಲಗತ್ತಿಸಿದೆ. ಅವ್ವಣ್ಣ ಹೂಂ ಅಂದ ಮೇಲೆಯೇ ಲಗತ್ತಿಸಿದ್ದು. ಕೆಳಗೆ ಸಹಿ.

ಮಾಲಕರ ಮಿಸ್ಡ್ ಕಾಲ್ ಆರು. ನಮ್ಮವರದು ಒಂದು ಮೆಸೇಜ್. “ಕೆಲಸ ಹೋದ್ರ ಹೋಗಲಿ. ಊಟಕ್ಕ ಬಾ.”

ಗ್ರೈಂಡಿಂಗಿನವರು, ವೆಲ್ಡರುಗಳು, ಪಕ್ಕದ ಶೆಡ್ಡಿನ ನಾಲ್ಕು ಜನ ಬಂದಿದ್ದಾರೆ. ಎಲ್ಲರಿಗೂ ಎಂಟೂಕಾಲಿಗೆ ಹೊರಗೆ ನಿಲ್ಲಿ ಎಂದು ಹೇಳಿದ್ದೇನೆ. ಮರಾಠಿಯಲ್ಲಿ ಹೇಳಬೇಕು, ಎಲ್ಲರಿಗೂ ತಿಳಿಯುವಂತೆ. ಆಮೇಲೆ ಕನ್ನಡದಲ್ಲಿ, ಯಂಕವ್ವನಿಗೆ ತಿಳಿಯುವಂತೆ.

ಬಸ್ಸಿನಿಂದ ಇಳಿದರು, ಇಬ್ಬರೂ. ಅವ್ವಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾರೆ. ಯಂಕವ್ವ ಮುಂದೆ, ಅವರು ಎರಡು ಹೆಜ್ಜೆ ಹಿಂದೆ. ಯಾರೂ ಅವರ ಹತ್ತಿರ ಹೋಗುತ್ತಿಲ್ಲ.

ಮಾಲಕರ ಕಾರು ತಿರುವಿನಲ್ಲಿ ಕಾಣುತ್ತಿದೆ. ಅದು ಬಂದು ನಿಲ್ಲುವುದರೊಳಗೆ ಹೇಳಿಬಿಡಬೇಕು. ಮೊದಲ ಮಾತು ಇಷ್ಟೇ — ಈ ಮನುಷ್ಯ ಏನೂ ಕದ್ದಿಲ್ಲ, ಕದ್ದರು ಅಂತ ಬರೆದವಳು ನಾನು. ಪುಸ್ತಕ ಮುಚ್ಚಿ ಏಳುತ್ತೇನೆ.