ಖಾಲಿ ಎಂದರು

೧೪ ಜುಲೈ ೨೦೧೧, ಗುರುವಾರ

‘ಖಾಲಿ’ ಎಂಬ ಮಾತು ಇವತ್ತು ಎರಡು ಸಲ ಚುಚ್ಚಿತು. ಆಫೀಸಿನಲ್ಲಿ ಹೊಸಬ ಉಪೇಂದ್ರ, ಸರ್ವರಿನ ಒಂದು ಡಿಸ್ಕಿನಲ್ಲಿ ಒಂದೂ ಫೈಲ್ ಕಾಣದೆ, “ಖಾಲಿ ಇದೆ ಸರ್, ಫಾರ್ಮ್ಯಾಟ್ ಮಾಡ್ಲಾ?” ಅಂದ.

“ಮುಟ್ಬೇಡ ಗುರೂ!” ಎಂದು ಕಿರುಚಿದೆ. ನಮ್ಮ ಡೇಟಾಬೇಸ್ ಫೈಲುಗಳ ಹಂಗಿಲ್ಲದೆ ನೇರವಾಗಿ ಪಾರ್ಟಿಷನ್ ಮೇಲೆಯೇ, ಅಂದರೆ ಡಿಸ್ಕಿನ ಒಂದು ಪಾಲಿನ ಮೇಲೆಯೇ, ಕೂತಿದೆ; ಅದಕ್ಕೇ ಹೊರಗಿನಿಂದ ಖಾಲಿ ಕಾಣುತ್ತದೆ. ಅದನ್ನು ನಿಲ್ಲಿಸಿ, ಇಡೀ ಪಾರ್ಟಿಷನ್ನನ್ನು ಬೇರೆ ಡಿಸ್ಕಿಗೆ ನಕಲಿಸಿ, ಇನ್ನೊಂದು ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿದೆವು. ಎಲ್ಲವೂ ಮರಳಿ ಬಂತು.

ಸಂಜೆ ಕೊಡಿಗೇಹಳ್ಳಿಯ ಮನೆಗೆ ಬಂದರೆ ಅಮ್ಮ, “ಮೇಲಿನ ರೂಮು ಖಾಲಿ ಬಿದ್ದೈತೆ, ಬಾಡಿಗೆಗೆ ಕೊಡಾನ” ಅಂದಳು. ಅದು ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟ ಅಕ್ಕನ ಕೋಣೆ. ಅವಳ ಸ್ಟಿಕ್ಕರ್ ಬೊಟ್ಟುಗಳು ಕನ್ನಡಿಯ ಅಂಚಿನಲ್ಲಿ ಇನ್ನೂ ಅಂಟಿಕೊಂಡಿವೆ.

“ಮುಟ್ಬೇಡಮ್ಮ” ಅಂದೆ. ಈ ಸಲ ದನಿ ಏಳಲಿಲ್ಲ.

ಡಿಸ್ಕಿಗಾದರೆ ನಕಲು ಇದೆ, ಈ ಕೋಣೆಗಿಲ್ಲ. ಅಕ್ಕ ಒಂದು ದಿನ ಮೆಟ್ಟಿಲು ಹತ್ತಿ ಬಂದು, ಆ ಕನ್ನಡಿಯಿಂದ ಒಂದು ಬೊಟ್ಟು ಕಿತ್ತು ಹಣೆಗಿಟ್ಟುಕೊಂಡರೆ, ಅದೇ ಇದರ ರಿಸ್ಟೋರ್.