ಬೇಕು ಮತ್ತು ಬಹುದು

ಅಕ್ಕಾ,

ಮಗುವನ್ನು ನಿನ್ನ ಮಡಿಲಿಗೆ ಹಾಕಿ ನಾನು ಇಷ್ಟು ದೂರ ಬಂದದ್ದು ಒಂದು ಪದದ ಜಗಳ ನೋಡುವುದಕ್ಕೆ! ಕಂಪ್ಯೂಟರ್‌ಗಳ ನಡುವೆ ಮಾಹಿತಿ ಸಾಗುವ ದಾರಿಗೆ ನಿಯಮ ಬರೆಯುವ ಸಮಿತಿ ಇದು. ಮೊದಲೇ ಒಂದು ದಾರಿ ಗೊತ್ತುಮಾಡಿಕೊಂಡು, ಎಲ್ಲವನ್ನೂ ಅದರಲ್ಲೇ ಕಳಿಸುವ ಏರ್ಪಾಡು. ನಡುವೆ ತಂತಿ ಕೆಟ್ಟರೆ ಯಂತ್ರ ಬೇರೆ ದಾರಿ ‘ಹುಡುಕಬೇಕು’ ಎಂದು ನಾನು ಬರೆದಿದ್ದೆ. ಯಂತ್ರ ಮಾರುವ ಕಂಪನಿಗಳಿಂದ ಬಂದ, ಟೈ ಕಟ್ಟಿದ ಮಹಾಶಯರು ಬೆಳಗಿನಿಂದ ಬಿಸ್ಕತ್ತು ಮೆಲ್ಲುತ್ತ ಅದನ್ನು ‘ಹುಡುಕಬಹುದು’ ಮಾಡಿದರು. ಅವರ ಯಂತ್ರಗಳಿಗೆ ಹುಡುಕುವುದಕ್ಕೇ ಬರುವುದಿಲ್ಲ, ಅದೇ ಗುಟ್ಟು.

“ಹುಡುಕದಿದ್ದರೆ?” ಎಂದು ಕೇಳಿದೆ.

“ಸಂಪರ್ಕ ಕಡಿದುಹೋಗುತ್ತೆ, ಅಷ್ಟೇ ಕಣಮ್ಮ. ಆಕಾಶವೇನು ಕಳಚಿ ಬೀಳುತ್ತಾ?” ಎಂದರು ಅಧ್ಯಕ್ಷರು. ಎಲ್ಲರೂ ಹಲ್ಲು ಕಿರಿದರು.

ನಿನ್ನೆ ನಮ್ಮ ಫೋನೂ ಹಾಗೇ ಕಡಿಯಿತು, ಮಗು ಕೆಮ್ಮುತ್ತಿದ್ದಾಗಲೇ; ಮತ್ತೆ ಲೈನು ಸಿಗಲೇ ಇಲ್ಲ. ಆಮೇಲೆ ನನ್ನ ಕಣ್ಣಿಗೆ ನಿದ್ದೆ ಹತ್ತಿಲ್ಲ. ನೀನೋ, “ನಾಳೆ ನೋಡೋಣ ಬಿಡೇ” ಅನ್ನುವವಳು. ಈ ಕಾರ್ಡು ಮುಟ್ಟುವ ಹೊತ್ತಿಗೂ ಕೆಮ್ಮು ನಿಂತಿರದಿದ್ದರೆ ಡಾಕ್ಟರ ಹತ್ತಿರ ‘ಹೋಗಬಹುದು’ ಅಲ್ಲ, ‘ಹೋಗಬೇಕು’. ಅವರು ಸಿಗದಿದ್ದರೆ ಇನ್ನೊಬ್ಬರನ್ನು ಹುಡುಕಬೇಕು. ಇದಕ್ಕೆ ಯಾವ ಅಧ್ಯಕ್ಷರ ತಿದ್ದುಪಡಿಯೂ ಇಲ್ಲ.

ಊಟಕ್ಕೆ ಗಂಟೆ ಹೊಡೆದರು, ಅದಕ್ಕೆ ಮಾತ್ರ ಇಲ್ಲಿ ಚರ್ಚೆಯಿಲ್ಲ.

ನಿನ್ನ ತಂಗಿ