ಹಿತ್ತಲ ಖರ್ಜೂರದ ಮರ

ಅರಳಗುಪ್ಪೆ,
೧೮ ಮಾರ್ಚ್ ೨೦೨೫

ರೀ,

ಮಂಗಳಾ ಮಾಡುವ ನಮಸ್ಕಾರ. ಮಸ್ಕತ್‌ನಲ್ಲಿ ಆಗಲೇ ಬಿಸಿಲು ಏರಿರಬೇಕು, ಮೈ ಹೇಗಿದೆ? ಬೆನ್ನು ನೋವು ಅಂದಿದ್ದಿರಿ, ಅಲ್ಲಿನ ತೋಟದಲ್ಲಿ ಖರ್ಜೂರದ ಮರ ಹತ್ತುವಾಗ ನಡುವಿಗೆ ಪಟ್ಟಿ ಬಿಗಿದುಕೊಳ್ಳಿ. ನಿಮ್ಮ ಅವ್ವ ಚೆನ್ನಾಗಿದ್ದಾರೆ. ಹಲ್ಲು ಎರಡು ಬಿದ್ದರೂ ಮಾತು ಮಾತ್ರ ಮೊಂಡಾಗಿಲ್ಲ. ಮಾವ ಅಟ್ಟದಿಂದ ಕೊಬ್ಬರಿ ಇಳಿಸಿ ಸುಲಿಸುತ್ತಿದ್ದಾರೆ, ಮನೆ ತುಂಬ ಸಿಪ್ಪೆ. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡಿ. ಫೋನಿನಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ ಸ್ಪೀಕರ್ ಹಾಕುತ್ತಾರೆ, ನೀವು "ಡ್ಯೂಟಿ ಐತೆ" ಅಂತ ಇಡುತ್ತೀರಿ. ಕಿಬ್ಬನಹಳ್ಳಿ ಭೀಮರಾಜು ರಜೆ ಮುಗಿಸಿ ನಿಮ್ಮ ಕ್ಯಾಂಪಿಗೇ ವಾಪಸ್ ಹೊರಟಿದ್ದಾನೆ, ಅವನ ಬ್ಯಾಗಿನಲ್ಲಿ ಇದು ಬರುತ್ತದೆ.

ನಮ್ಮ ಮದುವೆಯಾದ ವರ್ಷ ನೆನಪಿದೆಯಾ? ಎಲ್ಲರೂ ಅಂಗಳದಲ್ಲಿ ಕೂತು ಕಾಯಿ ಸುಲಿಯುವಾಗ ನೀವು ಒಂದು ಆಟ ತೆಗೆದಿರಿ. "ಮಳೆ, ಬಿಸಿಲು, ಮಣ್ಣು ಯಾವ್ದೂ ಅಡ್ಡ ಬರಲ್ಲ ಅಂದ್ರೆ, ತೆಂಗಿನ ಜಾತೀಲಿ ಯಾವ ಮರ ಹಾಕ್ತೀರಿ ಹೇಳಿ ನೋಡೋಣ." ಮಾವ, "ತೆಂಗಿರೋವಾಗ ಇನ್ನೊಂದ್ ಯಾಕ್ಲಾ?" ಅಂದರು. ಅತ್ತೆ ಅಡಿಕೆ ಅಂದರು, ಬಾಯಿ ಚಪಲಕ್ಕೆ ಅಂಗಡಿಗೆ ಹೋಗುವುದು ತಪ್ಪುತ್ತದಂತೆ. ನೀವು ಖರ್ಜೂರ ಅಂದಿರಿ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಈಚಲು ಅನ್ನುತ್ತಿದ್ದೆ. ಕೆರೆ ಏರಿ ಮೇಲೆ ತಾನೇ ಹುಟ್ಟಿ ತಾನೇ ಬೆಳೆಯುತ್ತದೆ, ಎಷ್ಟು ಬಿಟ್ಟೆ ಅಂತ ಯಾರೂ ಲೆಕ್ಕ ಕೇಳುವುದಿಲ್ಲ.

ಆಟ ಆಟವಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು. ಮೊದಲ ರಜೆಗೆ ಬಂದಾಗ ನೀವು ಖರ್ಜೂರದ ಬೀಜ ತಂದು, ಡಬ್ಬದಲ್ಲಿ ಮೊಳಕೆ ಬರಿಸಿ, ನೆಡಲು ಬಚ್ಚಲ ನೀರು ಹರಿಯುವ ಜಾಗವೇ ಬೇಕು ಅಂದಿರಿ. ಅಲ್ಲಿ ನನ್ನ ಸಸಿ ಇತ್ತು. ನಮ್ಮ ತುರುವೇಕೆರೆ ಕಡೆ ಹೆಣ್ಣು ಕಳಿಸುವಾಗ ಮಡಿಲಕ್ಕಿ ಜೊತೆ ಮೊಳೆತ ತೆಂಗಿನಕಾಯಿ ಒಂದನ್ನೂ ಕೊಡುತ್ತಾರೆ. ನಮ್ಮ ತಾತ ಸಣ್ಣತಿಮ್ಮಯ್ಯ ಆರಿಸಿ ಕೊಟ್ಟ ಕಾಯಿ ಅದು. "ತೋಟದ ತುಂಬ ತೆಂಗೇ ಐತಲ್ಲೇ" ಅಂತ ಕಿತ್ತು ಬೇಲಿಯಾಚೆ ಎಸೆದಿರಿ. ನಾನು ಆ ಗುಂಡಿಯಲ್ಲೇ ನಿಮ್ಮ ಖರ್ಜೂರಕ್ಕೆ ನೀರು ಹೊಯ್ದೆ, ಮುಳ್ಳು ಚುಚ್ಚಿಸಿಕೊಂಡು ಒಣಗರಿ ಕಡಿದೆ. ಹೋದ ವರ್ಷ ಹೂ ಬಂತು. ಈ ವರ್ಷವೂ ಬಂತು. ಕಾಯಿ ಮಾತ್ರ ಒಂದೂ ಕಟ್ಟಲಿಲ್ಲ.

ಹೋದ ತಿಂಗಳು ಅತ್ತೆ ಮಚ್ಚು ಹಿಡಿದು ಮರದ ಮುಂದೆ ನಿಂತರು. ಬಿಡದ ಮರಕ್ಕೆ ಮಾಡುವ ಶಾಸ್ತ್ರ ನಿಮಗೆ ಗೊತ್ತಲ್ಲ, ಒಬ್ಬರು ಕಡಿಯುತ್ತೇನೆ ಅಂತ ಹೆದರಿಸಬೇಕು, ಇನ್ನೊಬ್ಬರು ಮರದ ಪರವಾಗಿ ಬೇಡಿಕೊಳ್ಳಬೇಕು. "ಇಷ್ಟು ವರ್ಷ ನೀರು ಕುಡಿದು ಒಂದ್ ಕಾಯಿ ಬುಡಲಿಲ್ಲ, ಇವತ್ತು ಬುಡಕ್ಕೇ ಹಾಕ್ತೀನಿ!" ಅಂದರು. ಬೇಡುವ ಪಾಲು ನನ್ನದು. "ಬ್ಯಾಡ ಬುಡಿ ಅತ್ತೆ, ಬರೋ ವರ್ಷ ಬುಡ್ತದೆ" ಅಂದೆ. ಅತ್ತೆ ಮಚ್ಚು ಇಳಿಸಿ ನನ್ನ ಕಡೆ ತಿರುಗಿದರು. "ಮರಕ್ಕೆ ನೀನಿದ್ದೀಯ. ನಿನ್ ಪರವಾಗಿ ಬೇಡ್ಕೊಳ್ಳೋಕೆ ಯಾರವ್ರೆ?" ಪಕ್ಕದ ಮನೆ ಕೆಂಪಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ನೀವಿದ್ದೀರಲ್ಲ ಅಂದುಕೊಂಡೆ.

ಅದಾದ ವಾರಕ್ಕೆ ಅತ್ತೆಗೆ ನಿಮ್ಮ ವಿಡಿಯೋ ಬಂತು. ಮರದ ತುದಿಯಲ್ಲಿ ಕೂತು ಹೇಳುತ್ತಿದ್ದಿರಿ: "ನೋಡವ್ವ, ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡಿನ ಹೂ ತಂದು ಹೆಣ್ಣಿಗೆ ಕಟ್ಬೇಕು. ಗಂಡು ಮರ ಯಾವತ್ತೂ ಕಾಯಿ ಬುಡಲ್ಲ. ಸುಮಾರು ವರ್ಷದಿಂದ ಇದೇ ನನ್ ಕೆಲಸ." ಅತ್ತೆ ಬೀದಿಗೆಲ್ಲ ತೋರಿಸಿ ಬಂದರು, ಹಿತ್ತಲ ಮರದ ಯೋಚನೆ ಅವರಿಗೆ ಬರಲೇ ಇಲ್ಲ. ಒಂದೇ ಹೊಂಬಾಳೆಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುವ ತೆಂಗು ನೋಡಿ ಬೆಳೆದವರು ನಾವು, ನಮಗೆ ತಿಳಿಯಲಿಲ್ಲ. ನಿಮಗೆ ಗೊತ್ತಿತ್ತು. ಹೋದ ವರ್ಷ ಹಿಟ್ಟು ಉದುರಿಸುವ ಆ ಹೂವಿನ ಫೋಟೋ ನಿಮಗೇ ಕಳಿಸಿದ್ದೆ. ನೋಡಿದ ಕೂಡಲೇ ನಮ್ಮದು ಗಂಡು ಮರ ಅಂತ ತಿಳಿದಿರುತ್ತದೆ. "ಸೂಪರ್" ಅಂತ ಬರೆದಿರಿ.

ನಿಮ್ಮ ಸುಮ್ಮನಿರುವಿಕೆ ನನಗೆ ಹೊಸದಲ್ಲ. ಮಕ್ಕಳಾಗಲಿಲ್ಲ ಅಂತ ತೋರಿಸಲು ಹೋದಾಗ ತುಮಕೂರಿನ ಡಾಕ್ಟರು ಇಬ್ಬರನ್ನೂ ಕೂರಿಸಿ, ಕೊರತೆ ನಿಮ್ಮದು, ಹೆಂಡತಿಯದೇನೂ ಇಲ್ಲ ಅಂದರು. ಬಸ್ಸಿನಲ್ಲಿ ನನ್ನ ಕೈ ಹಿಡಿದು, "ಅವ್ವಂಗೆ ಹೇಳ್ಬ್ಯಾಡ ಕಣೇ" ಅಂದಿರಿ. ಹೇಳಲಿಲ್ಲ. ಊರಿನ ಸೀಮಂತಗಳಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿದಾಗಲೂ ಹೇಳಲಿಲ್ಲ. ಈಗ ಅತ್ತೆ ನೊಣವಿನಕೆರೆಯಲ್ಲಿ ನಿಮಗೆ ಹುಡುಗಿ ನೋಡಿದ್ದಾರೆ. ನಾನು ವಿಚ್ಛೇದನದ ಪತ್ರಕ್ಕೆ ಸಹಿ ಹಾಕಿ ತವರಿಗೆ ಹೋಗಬೇಕಂತೆ. ಮೊನ್ನೆ ಸ್ಪೀಕರಿನಲ್ಲಿ ನಿಮ್ಮ ಉತ್ತರ ನಾನೂ ಕೇಳಿದೆ: "ನೀ ಹೆಂಗ್ ಹೇಳಿದ್ರೆ ಹಂಗವ್ವ." ಆ ಮರಕ್ಕಾದರೆ ಬಾಯಿಲ್ಲ ರೀ.

ಊಟ ಬಿಡಬೇಡಿ. ಕೊಬ್ಬರಿ ಮಿಠಾಯಿ ಕಳಿಸಿದ್ದೇನೆ, ಕ್ಯಾಂಪಿನವರಿಗೆಲ್ಲ ಕೊಡಿ. ಮಾವ ಆಶೀರ್ವಾದ ತಿಳಿಸಿದ್ದಾರೆ.

ಇನ್ನೂ ನಿಮ್ಮ ಹೆಂಡತಿಯಾಗಿರುವ,
ಮಂಗಳಾ

ಮರೆತ ಮಾತು: ಭೀಮರಾಜು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ನಿನ್ನೆ ನಾನೇ ಬಸ್ಸು ಹತ್ತಿ ನೊಣವಿನಕೆರೆಗೆ ಹೋಗಿದ್ದೆ. ಹುಡುಗಿ ಧನ್ಯಶ್ರೀ ಒಬ್ಬಳೇ ಇದ್ದಳು, ಕಾಫಿ ಕೊಟ್ಟಳು. ಡಾಕ್ಟರು ಹೇಳಿದ್ದನ್ನು ಹೇಳಿದೆ. "ಇದು ಅವ್ರಿಗೂ ಗೊತ್ತಾ ಅಕ್ಕಾ?" ಅಂತ ಕೇಳಿದಳು. ಹೂಂ ಅಂದೆ. ಅವಳು ಒಳಗೆ ಹೋಗಿ, ಅತ್ತೆ ಕೊಟ್ಟು ಬಂದಿದ್ದ ನಿಮ್ಮ ಫೋಟೋ ತಂದು ನನ್ನ ಕೈಗಿಟ್ಟಳು. ಇದೇ ಕವರಿನಲ್ಲಿದೆ, ತೆಗೆದುಕೊಳ್ಳಿ.